ನೀರಿನ ಜತೆ ಬಾಳಬೇಕಾದ ಮರ

ಹೊರನಾಡಿನಲ್ಲಿರುವ ನಮ್ಮ ಅಡುಗೆಮನೆಗಳಲ್ಲಿ ಊರಿಂದ ಬಂದ ಮರದ ಸಾಮಾನು ಒಂದಾದರೂ ಇದ್ದೇ ಇರುತ್ತದೆ. ಲಟ್ಟಣಿಗೆ ಮತ್ತು ಮಣೆ, ಮಜ್ಜಿಗೆ ಕಡೆಯುವ ಕಡಗೋಲು, ಮುದ್ದೆ ತಿರುವುವ ಕೋಲು, ಚಕ್ಕುಲಿ ಒರಳು, ಅಜ್ಜಿಯ ಕಾಲದ ಈಳಿಗೆಮಣೆ. ಅವುಗಳ ಪಕ್ಕದಲ್ಲೇ ಆನ್‌ಲೈನಿನಲ್ಲಿ ತರಿಸಿದ ಬೇವಿನ ಸೌಟುಗಳ ಸೆಟ್ಟು, ನಾನ್‌ಸ್ಟಿಕ್ ಬಾಣಲೆಗೆಂದು ಕೊಂಡ ಚಪ್ಪಟೆ ಸಟ್ಟುಗ, ತರಕಾರಿ ಹೆಚ್ಚುವ ದಪ್ಪ ಹಲಗೆ. ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಮೂರು ಮತ್ತೆ ಮತ್ತೆ ಬರುತ್ತವೆ. ಊರಲ್ಲಿ ಮೂವತ್ತು ವರ್ಷ ಗಟ್ಟಿಮುಟ್ಟಾಗಿದ್ದ ಮಣೆ ದೆಹಲಿಗೆ ತಂದ ಮೊದಲ ಬೇಸಿಗೆಯಲ್ಲೇ ಏಕೆ ಸೀಳಿತು? ಮುಂಬೈ ಮಳೆಗಾಲದಲ್ಲಿ ದಿನವೂ ತೊಳೆಯುವ ಸೌಟಿಗೆ ಬೂಷ್ಟು ಹಿಡಿಯುವುದೇಕೆ? ಹೊಸ ಸೌಟಿನ ಮಿರುಗುವ ಪಾಲಿಶ್ ಆರು ತಿಂಗಳಿಗೇ ಸುಲಿದುಹೋಯಿತಲ್ಲ, ಅದು ಹೋದದ್ದು ಎಲ್ಲಿಗೆ?

ಮೂರನೆಯ ಪ್ರಶ್ನೆಯ ಉತ್ತರ ಕೇಳುವವರಿಗೂ ಗೊತ್ತಿದೆ: ಸಾಂಬಾರಿಗೆ. ಹಾಗಾಗಿ ಈ ಸಲ ನೀರು ತಾಗುವ ಮರದ ಸಾಮಾನಿಗೆ ಯಾವ ಮರ, ಯಾವ ಲೇಪ ಎಂಬುದನ್ನು ಬುಡದಿಂದ ನೋಡೋಣ.

ಮೊದಲೇ ಒಂದು ಮಾತು. ಮರವನ್ನು ಕೆಡಿಸುವುದು ನೀರಲ್ಲ. ಒಳಗೆ ಹೋದ ನೀರು ಹೊರಬರಲು ದಾರಿಯಿಲ್ಲದೆ ನಿಲ್ಲುವುದು ಒಂದು ಕೇಡು. ಒಂದು ಮೈ ಒದ್ದೆಯಾಗಿ ಇನ್ನೊಂದು ಮೈ ಒಣಗಿರುವುದು ಎರಡನೆಯ ಕೇಡು. ಕೇರಳದಲ್ಲಿ ಬಾವಿಯ ತಳಕ್ಕೆ ನೆಲ್ಲಿ ಮರದ ಚೌಕಟ್ಟು ಇಳಿಸುವ ರೂಢಿಯಿದೆ. ಸದಾ ನೀರಲ್ಲೇ ಮುಳುಗಿರುವ ಆ ಮರ ದಶಕಗಟ್ಟಲೆ ಬಾಳುತ್ತದೆ, ಏಕೆಂದರೆ ಮರ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಗಾಳಿ ಸಿಗುವುದಿಲ್ಲ, ಒಣಗಿ ನೆನೆಯುವ ಏರಿಳಿತವೂ ಇಲ್ಲ. ಅದೇ ಮರವನ್ನು ನಮ್ಮ ಸಿಂಕಿನ ಅಂಚಿನಲ್ಲಿ ದಿನಕ್ಕೆ ನಾಲ್ಕು ಸಲ ನೆನೆಸಿ ಒಣಗಿಸಿದರೆ ಕೆಲವೇ ವರ್ಷಗಳಲ್ಲಿ ಸೋಲುತ್ತದೆ.

ಉಬ್ಬುವುದು, ಕುಗ್ಗುವುದು

ಮರ ಅಂದರೆ ಸಾವಿರಾರು ಸಣ್ಣ ಕೊಳವೆಗಳ ಕಟ್ಟು. ಕಡಿದು ಒಣಗಿಸಿದ ಮೇಲೂ ಕೊಳವೆಗಳ ಗೋಡೆಗಳು ಗಾಳಿಯ ತೇವವನ್ನು ಹೀರುತ್ತವೆ, ಬಿಡುತ್ತವೆ. ಗಾಳಿಯ ಆರ್ದ್ರತೆ ಶೇ. 65 ಇದ್ದಲ್ಲಿ ಮರದ ತೇವಾಂಶ ಸುಮಾರು ಶೇ. 12ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ 85 ಆದರೆ ತೇವಾಂಶ ಸುಮಾರು 18. ಆರ್ದ್ರತೆ 30ಕ್ಕೆ ಇಳಿದರೆ ಕೇವಲ 6ರ ಆಸುಪಾಸು. ಯಾವ ಪಾಲಿಶ್ ಬಳಿದರೂ ಈ ಲೆಕ್ಕ ತಪ್ಪಿಸಲಾಗದು. ಪಾಲಿಶ್ ಮಾಡುವುದು ಇಷ್ಟೇ: ಒಂದು ದಿನದಲ್ಲಿ ಆಗುವ ಬದಲಾವಣೆಯನ್ನು ವಾರಗಳಿಗೆ ಎಳೆಯುತ್ತದೆ.

ಗೋಡೆಗಳು ತೇವ ಹೀರಿದಾಗ ಮರ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಬಹುತೇಕ ಏನೂ ಆಗುವುದಿಲ್ಲ, ಆಗುವುದೆಲ್ಲ ಅಡ್ಡಕ್ಕೆ. ಅದರಲ್ಲೂ ಎಲ್ಲ ದಿಕ್ಕಿಗೂ ಸಮವಾಗಿ ಅಲ್ಲ. ಮರದ ಉಂಗುರಗಳ ಗುಂಟ ಆಗುವ ಹಿಗ್ಗು, ಉಂಗುರಗಳನ್ನು ಹಾದು ಹೋಗುವ ದಿಕ್ಕಿನ ಹಿಗ್ಗಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಇದನ್ನು ಲೆಕ್ಕಕ್ಕೆ ಇಳಿಸೋಣ. 30 ಸೆಂಟಿಮೀಟರ್ ಅಗಲದ ತೇಗದ ಮಣೆ, ಕರಾವಳಿಯ ಮಳೆಗಾಲದಿಂದ ದೆಹಲಿಯ ಮೇ ತಿಂಗಳಿಗೆ ಬಂದರೆ ಅದರ ತೇವಾಂಶ ಸುಮಾರು ಹತ್ತು ಅಂಶ ಇಳಿಯುತ್ತದೆ. ಮರ ಕೊಯ್ದ ರೀತಿಯ ಮೇಲೆ ಅದು ಎರಡೂವರೆಯಿಂದ ಆರು ಮಿಲಿಮೀಟರ್ ಕುಗ್ಗುತ್ತದೆ. ತೇಗ ಕಡಿಮೆ ಕುಗ್ಗುವ ಮರ; ಬೇರೆ ಎಷ್ಟೋ ಮರಗಳು ಇನ್ನೂ ಹೆಚ್ಚು ಕುಗ್ಗುತ್ತವೆ.

ಆರು ಮಿಲಿಮೀಟರ್ ಕುಗ್ಗುವುದು ಕೂಡ ದೊಡ್ಡ ತೊಂದರೆಯಲ್ಲ, ಎಲ್ಲ ಕಡೆ ಒಟ್ಟಿಗೆ ನಿಧಾನವಾಗಿ ಕುಗ್ಗಿದರೆ. ಆದರೆ ಮರದ ಅಡ್ಡಕೊಯ್ದ ತುದಿಗಳಿಂದ ತೇವ ಹೋಗುವ ವೇಗ, ಮೈಯಿಂದ ಹೋಗುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಎಲ್ಲ ಕೊಳವೆಗಳ ಬಾಯಿ ತೆರೆದಿರುವುದು ಅಲ್ಲೇ ತಾನೆ. ತುದಿ ಬೇಗ ಕುಗ್ಗುತ್ತದೆ, ನಡು ಇನ್ನೂ ಉಬ್ಬಿಕೊಂಡೇ ಇರುತ್ತದೆ, ಆ ಎಳೆದಾಟದಲ್ಲಿ ತುದಿಯಿಂದ ಬಿರುಕು ಶುರುವಾಗುತ್ತದೆ. ದೆಹಲಿಯಲ್ಲಿ ಸೀಳಿದ ಮಣೆಯ ಕಥೆ ಇದು. ಮಣೆಯ ಮರ ಕೆಟ್ಟದ್ದಲ್ಲ, ಬಡಗಿಯೂ ಮೋಸ ಮಾಡಿಲ್ಲ.

ಬೂಷ್ಟಿನ ಕಥೆಯೂ ಇದೇ ಲೆಕ್ಕದ ಇನ್ನೊಂದು ತುದಿ. ಮರದ ತೇವಾಂಶ ಸುಮಾರು 20 ದಾಟಿದರೆ ಶಿಲೀಂಧ್ರಕ್ಕೆ ಹಬ್ಬ. ಮುಂಬೈ ಜುಲೈನಲ್ಲಿ ಗಾಳಿಯಿಂದಲೇ 18ರವರೆಗೆ ತುಂಬಿಕೊಂಡ ಸೌಟನ್ನು ತೊಳೆದು, ನೀರು ಸೋರದ ಸ್ಟೀಲ್ ಡಬ್ಬಿಯಲ್ಲಿ ತಲೆ ಮೇಲೆ ಮಾಡಿ ನಿಲ್ಲಿಸಿದರೆ ಹಿಡಿಯ ತುದಿ ಸದಾ ನೀರಲ್ಲಿ. ನಿಮ್ಮ ಸೌಟುಗಳನ್ನು ಈಗಲೇ ನೋಡಿ, ಕಪ್ಪಗಾಗಿರುವುದು ಹೆಚ್ಚಾಗಿ ಹಿಡಿಯ ಬುಡವೇ.

ಯಾವ ಮರ?

ಒಂದು ಜಾತಿಯ ಹೆಸರು ಹೇಳಿಬಿಟ್ಟರೆ ಸಾಕು ಎಂದು ಅನೇಕರು ಕೇಳುತ್ತಾರೆ. ಜಾತಿಗಿಂತ ಮೊದಲು ನೋಡಬೇಕಾದ್ದು ಮೂರು. ಮೊದಲನೆಯದು, ಅದು ಚೇಗು ಹೌದೋ ಅಲ್ಲವೋ. ಮರದ ನಡುವಿನ ಗಾಢ ಬಣ್ಣದ ಗಟ್ಟಿ ತಿರುಳೇ ಚೇಗು. ಹೊರಸುತ್ತಿನ ಬಿಳಿಭಾಗದಲ್ಲಿ ಪಿಷ್ಟ ಉಳಿದಿರುತ್ತದೆ, ಕೊರೆಯುವ ಹುಳು ಅದನ್ನೇ ಹುಡುಕಿಕೊಂಡು ಬರುತ್ತದೆ. ಕಂದು ಸೌಟಿನ ಒಂದು ಪಕ್ಕದಲ್ಲಿ ಬೆಣ್ಣೆ ಬಣ್ಣದ ಪಟ್ಟಿ ನೋಡಲು ಚಂದ, ಆದರೆ ಒಂದು ದಿನ ಡಬ್ಬಿಯ ತಳದಲ್ಲಿ ಹಿಟ್ಟಿನಂಥ ಪುಡಿ ಬೀಳುವುದು ಆ ಪಟ್ಟಿಯಿಂದಲೇ. ಎರಡನೆಯದು ತೂಕ ಮತ್ತು ರಂಧ್ರ: ಕೈಗೆ ಭಾರ ಎನಿಸುವ, ಕಣ್ಣಿಗೆ ರಂಧ್ರ ಕಾಣದ ಮರ ಒಳ್ಳೆಯದು. ಮೂರನೆಯದು ಎಳೆಯ ಓಟ. ಸೌಟಿನಲ್ಲಿ ಎಳೆಗಳು ಹಿಡಿಯ ಉದ್ದಕ್ಕೆ ನೇರ ಓಡಬೇಕು. ಓರೆಯಾಗಿ ಹೊರಗೆ ಜಾರಿದರೆ ಮುದ್ದೆ ತಿರುವುವಾಗ ಅಲ್ಲೇ ಮುರಿಯುತ್ತದೆ. ಮಣೆಯಾದರೆ ತುದಿಯ ಕಡೆಯಿಂದ ನೋಡಿ. ಉಂಗುರದ ಗೆರೆಗಳು ನೆಟ್ಟಗೆ ಮೇಲಿಂದ ಕೆಳಗೆ ಇದ್ದರೆ ಅದು ಕಡಿಮೆ ಹಿಗ್ಗುವ ಹಲಗೆ. ಮುಗುಳ್ನಗೆಯ ಹಾಗೆ ಬಾಗಿದ್ದರೆ ಹೆಚ್ಚು ಹಿಗ್ಗುವುದು, ಬಾಗುವುದೂ ಹೆಚ್ಚು.

ಇನ್ನು ಹೆಸರುಗಳು. ತೇಗದಲ್ಲಿ ಹುಟ್ಟಾ ಎಣ್ಣೆ ಮತ್ತು ರಬ್ಬರಿನಂಥ ಅಂಶ ಇದೆ, ಅದಕ್ಕೇ ಹಡಗು ಕಟ್ಟುವವರು ಅದನ್ನು ಹುಡುಕಿಕೊಂಡು ಬಂದರು. ಲಟ್ಟಣಿಗೆ, ಮಣೆ, ಸಿಂಕ್ ಪಕ್ಕದ ಸಾಮಾನಿಗೆ ಇದು ನಿಶ್ಚಿಂತೆಯ ಆಯ್ಕೆ. ಒಂದೇ ಕೊರತೆ, ಮರದೊಳಗಿನ ಸಿಲಿಕಾ ಚಾಕುವನ್ನು ಬೇಗ ಮೊಂಡಾಗಿಸುತ್ತದೆ.

ಹಲಸಿನ ಚೇಗು ನಮ್ಮ ಮಲೆನಾಡು, ಕರಾವಳಿಯವರಿಗೆ ಹೊಸದಲ್ಲ. ವೀಣೆಯ ಕೊಡವಾಗುವ ಮರವೇ ಅಡುಗೆಮನೆಯ ಮರಿಗೆಯೂ ಆಗುತ್ತಿತ್ತು. ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಹೊಸದಾಗಿ ತೊಳೆದಾಗ ನೀರು ಹಳದಿಯಾದರೆ ಗಾಬರಿ ಬೇಡ, ಅದು ಪಾಲಿಶ್ ಅಲ್ಲ, ಮರದ ಸ್ವಂತ ಬಣ್ಣ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಹಲಸಿನ ಮರದ ಚಕ್ಕೆ ಬಳಸುವ ಪದ್ಧತಿಯೇ ಇದೆ.

ಹುಣಸೆ ಭಾರದ, ಹೆಣೆದುಕೊಂಡ ಎಳೆಯ ಮರ. ಒನಕೆ, ಗಾಣ, ಮಾಂಸ ಕಡಿಯುವ ಕೊರಡು ಎಲ್ಲದಕ್ಕೂ ಅದೇ. ಬಡಗಿ ಗೊಣಗುತ್ತಾನೆ, ಉಳಿ ಹಿಡಿಯುವುದಿಲ್ಲ ಎನ್ನುತ್ತಾನೆ. ಅದೇ ಕಾರಣಕ್ಕೆ ಚಾಕುವಿನ ಏಟು ತಡೆಯುತ್ತದೆ. ಶೀಶಮ್ ಉತ್ತರ ಭಾರತದ ರೊಟ್ಟಿಮಣೆಯ ಮರ, ದೆಹಲಿಯಲ್ಲಿರುವವರಿಗೆ ಸುಲಭವಾಗಿ ಸಿಗುತ್ತದೆ. ಅದರ ಚೇಗು ಗಟ್ಟಿ, ಬಿಳಿಪಟ್ಟಿ ಮಾತ್ರ ಬೇಡ. ನಮ್ಮ ಬೀಟೆ ಅದರ ಹತ್ತಿರದ ನೆಂಟ. ಈ ಕುಲದ ಮರಗಳೆಲ್ಲ 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಇರುವ ಹಳೆಯ ಬೀಟೆ ಸಾಮಾನನ್ನು ಜೋಪಾನ ಮಾಡಿ, ಹೊಸದರ ಆಸೆ ಬೇಡ.

ಬೇವಿನ ಬಗ್ಗೆ ಒಂದು ಕಿವಿಮಾತು. ಬೇವಿನ ಸೌಟು ಒಳ್ಳೆಯದೇ: ಮಧ್ಯಮ ಭಾರ, ಹೆಣೆದ ಎಳೆ, ಸುಲಭಕ್ಕೆ ಸೀಳುವುದಿಲ್ಲ. ಆದರೆ 'ಬೇವು ತಾನೇ ಕ್ರಿಮಿನಾಶಕ, ಹಾಗಾಗಿ ಬೂಷ್ಟು ಬರುವುದಿಲ್ಲ' ಎಂದು ಮಾರುವವರ ಮಾತು ನಂಬಿ ಒದ್ದೆಯಾಗಿ ಇಡಬೇಡಿ. ಬೇವಿನ ಹೆಸರಾಂತ ಕೀಟನಾಶಕ ಅಂಶ ಮುಖ್ಯವಾಗಿ ಇರುವುದು ಬೀಜದ ತಿರುಳಿನಲ್ಲಿ. ಬೇವಿನ ಸೌಟಿಗೂ ಬೂಷ್ಟು ಬರುತ್ತದೆ.

ಮಾವು, ರಬ್ಬರ್ ಮರ ಎರಡೂ ಅಗ್ಗ, ನೋಡಲು ಚಂದ, ನೀರಿಗೆ ಬಲಹೀನ. ಹಣ್ಣಿನ ಬಟ್ಟಲು, ಟ್ರೇ, ಮಸಾಲೆ ಡಬ್ಬಿಯ ಸ್ಟ್ಯಾಂಡಿಗೆ ಸರಿ. ರಬ್ಬರ್ ಮರವನ್ನು ಹುಳು ಹಿಡಿಯದಂತೆ ಸಾಮಾನ್ಯವಾಗಿ ಬೋರಾನ್ ಲವಣದಲ್ಲಿ ನೆನೆಸಿರುತ್ತಾರೆ. ಕುದಿಯುವ ಸಾರಿನಲ್ಲಿ ಅದ್ದುವ ಸೌಟಿಗೆ ಅದು ಬೇಡವೇ ಬೇಡ. ಬಿದಿರು ಮರವಲ್ಲ, ಹುಲ್ಲಿನ ಜಾತಿ. ಬಿದಿರಿನ ಹಲಗೆಯೆಂದರೆ ಪಟ್ಟಿಗಳನ್ನು ಅಂಟಿಸಿದ್ದು, ನೆನೆಹಾಕಿದರೆ ಅಂಟು ಬಿಡುತ್ತದೆ. ಒಂದೇ ತುಂಡಿನಿಂದ ಮಾಡಿದ ಬಿದಿರಿನ ಸಟ್ಟುಗವಾದರೆ ಸರಿ. ಎಲ್ಲಕ್ಕಿಂತ ಅಗ್ಗದ್ದು, ನೀರಿಗೂ ಬಿಸಿಗೂ ಜಗ್ಗದ್ದು ತೆಂಗಿನ ಚಿಪ್ಪಿನ ಸೌಟು. ಅದಕ್ಕೆ ಲೇಪವೂ ಬೇಡ, ಉಪದೇಶವೂ ಬೇಡ.

ಪುಣೆಯ ಭವಾನಿ ಪೇಟೆ, ದೆಹಲಿಯ ಕೀರ್ತಿ ನಗರದಂಥ ಮರದ ಪೇಟೆಗಳಲ್ಲಿ ಬಾಗಿಲು ಚೌಕಟ್ಟು ಕೊಯ್ದು ಉಳಿದ ತೇಗದ ತುಂಡು ಕೇಳಿದರೆ, ಒಂದು ಮಣೆಗಾಗುವಷ್ಟು ಮರ ಅಂಗಡಿಯ ಸಿದ್ಧ ಮಣೆಗಿಂತ ಅಗ್ಗಕ್ಕೆ ಸಿಗುವುದುಂಟು. ಒಂದು ಎಚ್ಚರ ಮಾತ್ರ: ಕೆಡವಿದ ಹಳೆಯ ಮನೆಯ, ಬಣ್ಣ ಬಳಿದಿದ್ದ ಮರ ಅಡುಗೆಗೆ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಉಜ್ಜಿ ತೆಗೆದರೆ ಆ ಧೂಳೇ ಅಪಾಯ, ಮಕ್ಕಳಿರುವ ಮನೆಯಲ್ಲಂತೂ.

ಮಿರುಗುವ ಪದರದ ಸಮಸ್ಯೆ

ಲೇಪಗಳಲ್ಲಿ ಎರಡು ಕುಲ. ಮರದ ಮೇಲೆ ಪದರವಾಗಿ ಕೂರುವುದು ಒಂದು: ಮೆಲಮೈನ್, ಪಾಲಿಯುರೆಥೇನ್, ಲ್ಯಾಕರ್, ಅರಗು. ಮರದೊಳಗೆ ಇಳಿಯುವುದು ಇನ್ನೊಂದು: ಎಣ್ಣೆ, ಮೇಣ.

ಪದರದ ಲೇಪ ನೀರನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ, ಇದು ನಿಜ. ಆದರೆ ತಡೆಯುವುದು ಪದರ ಇಡಿಯಾಗಿರುವ ತನಕ ಮಾತ್ರ. ಚಾಕುವಿನ ಒಂದು ಗೀರು, ಬಾಣಲೆಯ ಅಂಚಿಗೆ ಸೌಟು ಬಡಿದ ಒಂದು ಏಟು, ಅಲ್ಲಿಂದ ನೀರು ಒಳಗೆ. ಹೊರಬರಲು ಮಾತ್ರ ಆ ಒಂದು ಗೀರೇ ದಾರಿ. ಒಳಗೆ ಮರ ಉಬ್ಬುತ್ತದೆ, ಮೇಲಿನ ಪದರ ಉಬ್ಬಲಾರದು, ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಪೂರ್ತಿ ಗಟ್ಟಿಯಾದ ಪದರವನ್ನು ಮುಟ್ಟಿದರೆ ಏನೂ ಆಗದು. ಆದರೆ ಮಗುವಿಗೆ ಗಂಜಿ ಕಲಸುವ ಸೌಟಿನಿಂದ ದಿನವೂ ಒಂದೊಂದು ಚೂರು ಹೊಟ್ಟೆಗೆ ಹೋಗುವುದು ಬೇರೆ ಮಾತು. ಹಾಗಾಗಿ ನಿಯಮ ಸರಳ: ಹೆಚ್ಚುವ, ಕಲಕುವ, ಲಟ್ಟಿಸುವ ಮೈಗೆ ಪದರದ ಲೇಪ ಬೇಡ.

ಚನ್ನಪಟ್ಟಣದ ಅರಗಿನ ಕೆಲಸದ ಮೇಲೆ ನಮಗೆಲ್ಲ ಅಭಿಮಾನ. ಅರಗು ಕೀಟದಿಂದ ಬರುವ ಸಹಜ ವಸ್ತು, ಮಾತ್ರೆಗಳ ಮೇಲೂ ಚಾಕೊಲೇಟಿನ ಮೇಲೂ ಅದರದೇ ಹೊಳಪು. ಮಗು ಬಾಯಿಗೆ ಹಾಕುವ ಗಿಲಕಿಗೆ ಅದು ಸರಿ. ಆದರೆ ಅದು ಲೇತ್ ತಿರುಗುವಾಗ ತಿಕ್ಕಾಟದ ಬಿಸಿಗೆ ಕರಗಿ ಅಂಟಿಕೊಂಡದ್ದು, ಬಿಸಿ ಸಾರಿನಲ್ಲಿ ಮತ್ತೆ ಮೆತ್ತಗಾಗುತ್ತದೆ. ಸೋಪಿನ ಕ್ಷಾರವೂ ಅದಕ್ಕೆ ಆಗದು. ಚನ್ನಪಟ್ಟಣದ ಬಣ್ಣದ ಡಬ್ಬಿ ಒಣ ಸಾಮಾನಿಗೆ, ಬಣ್ಣದ ಸೌಟು ಗೋಡೆಗೆ.

ಪದರಕ್ಕೂ ಅದರದೇ ಜಾಗ ಇದೆ. ಸಿಂಕಿನ ಹಿಂದಿನ ಮರದ ಪಟ್ಟಿ, ಕಿಟಕಿಯ ದಂಡೆ, ಕಪಾಟಿನ ಬಾಗಿಲು: ಇಲ್ಲಿ ಚಾಕು ಆಡುವುದಿಲ್ಲ, ಪಾಲಿಯುರೆಥೇನ್ ಚೆನ್ನಾಗಿ ಬಾಳುತ್ತದೆ. ಅಂಚು ಮತ್ತು ತುದಿಗಳಿಗೆ ಮೈಗಿಂತ ಒಂದು ಕೋಟು ಹೆಚ್ಚು ಕೊಡಿಸಿ. ಸಿಂಕಿನ ಕೆಳಗಿನ ಕಪಾಟಿಗೆ ಪ್ಲೈವುಡ್ ಆದರೆ ಐಎಸ್ 710 ಎಂದು ಅಚ್ಚಾಗಿರುವುದನ್ನು ಕೇಳಿ. 72 ಗಂಟೆ ಕುದಿಸಿದರೂ ಅಂಟು ಬಿಡಬಾರದು ಎಂಬುದು ಆ ದರ್ಜೆಯ ಪರೀಕ್ಷೆ.

ಯಾವ ಎಣ್ಣೆ?

'ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಲದೇ?' ಇದು ಎಲ್ಲರ ಪ್ರಶ್ನೆ. ಎಣ್ಣೆಗಳಲ್ಲಿ ಒಣಗುವವು, ಒಣಗದವು ಎಂಬ ಭೇದ ಗೊತ್ತಾದರೆ ಉತ್ತರ ತಾನಾಗಿ ಬರುತ್ತದೆ. ಒಣಗುವುದು ಎಂದರೆ ಆವಿಯಾಗುವುದಲ್ಲ. ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕ ಹಿಡಿದು ಒಂದಕ್ಕೊಂದು ಬೆಸೆದು ಗಟ್ಟಿಯಾಗುವುದು. ಯಾವ ಎಣ್ಣೆಗೆ ಈ ಗುಣ ಎಷ್ಟು ಎಂದು ಅಳೆಯಲು ರಸಾಯನಶಾಸ್ತ್ರಜ್ಞರು ಅಯೋಡಿನ್ ಮೌಲ್ಯ ಎಂಬ ಸಂಖ್ಯೆ ಇಟ್ಟುಕೊಂಡಿದ್ದಾರೆ. ಕೊಬ್ಬರಿ ಎಣ್ಣೆಗೆ ಅದು ಹತ್ತರ ಆಸುಪಾಸು, ಶೇಂಗಾ ಎಣ್ಣೆಗೆ 90ರ ಸುತ್ತ, ಎಳ್ಳೆಣ್ಣೆಗೆ 110ರ ಸುತ್ತ, ಕುಸುಬೆ ಎಣ್ಣೆಗೆ 140ರ ಮೇಲೆ, ಅಗಸೆ ಎಣ್ಣೆಗೆ 170ರ ಮೇಲೆ. ಸುಮಾರು 130 ದಾಟಿದವು ಒಣಗುವ ಎಣ್ಣೆಗಳು.

ಶೇಂಗಾ, ಎಳ್ಳು, ಸಾಸಿವೆ ಎಣ್ಣೆಗಳು ನಡುವೆ ಸಿಕ್ಕಿಕೊಂಡವು. ಪೂರ್ತಿ ಒಣಗುವುದಿಲ್ಲ, ಹಾಗೆಯೇ ಉಳಿಯುವುದೂ ಇಲ್ಲ. ಅಂಟಂಟಾಗಿ ಕಮಟು ವಾಸನೆ ಹಿಡಿಯುತ್ತವೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಆದರೆ ಕಮಟುವುದೂ ನಿಧಾನ. ದಿನವೂ ಬಳಸಿ ತೊಳೆಯುವ ಸೌಟಿಗೆ ವಾರಕ್ಕೊಮ್ಮೆ ಒಂದು ತೊಟ್ಟು ಉಜ್ಜಿದರೆ ನಡೆಯುತ್ತದೆ. ಹಬ್ಬಕ್ಕೆ ಮಾತ್ರ ಹೊರಬರುವ ಚಕ್ಕುಲಿ ಒರಳಿಗೆ ಹಚ್ಚಿ ವರ್ಷವಿಡೀ ಮುಚ್ಚಿಟ್ಟರೆ ದೀಪಾವಳಿಗೆ ಮೂಗು ಮುಚ್ಚಿಕೊಳ್ಳಬೇಕಾದೀತು.

ನನ್ನ ಆಯ್ಕೆ ಎರಡು. ಮೊದಲನೆಯದು ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ಬಣ್ಣವಿಲ್ಲ, ವಾಸನೆಯಿಲ್ಲ, ಎಂದಿಗೂ ಕಮಟುವುದಿಲ್ಲ. ನೀರಿನಂತೆ ತಿಳಿಯಾದ ಶುದ್ಧ ಎಣ್ಣೆಯನ್ನೇ ಕೇಳಿ. ಮಲಬದ್ಧತೆಗೆ ಕೊಡುವ ಬಿಳಿ ಹಾಲಿನಂಥ ಮಿಶ್ರಣ ಅಲ್ಲ. ಇದು ಒಣಗದ ಎಣ್ಣೆಯಾದ್ದರಿಂದ ತೊಳೆದಂತೆ ಕಡಿಮೆಯಾಗುತ್ತದೆ, ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ ತೂಗಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿದರೆ ಮುಲಾಮು ಸಿದ್ಧ. ಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ. ಅಷ್ಟಕ್ಕೇ ಕರಗುವುದರಿಂದ ಇದು ಮಣೆ, ಹಲಗೆಗೆ ಸರಿ, ಕುದಿಯುವ ಸಾರಿನ ಸೌಟಿಗೆ ಅಲ್ಲ.

ಎರಡನೆಯದು ಅಗಸೆ ಎಣ್ಣೆ. ಉತ್ತರ ಕರ್ನಾಟಕದವರಿಗೆ ಅಗಸೆ ಎಂದರೆ ರೊಟ್ಟಿಯ ಜತೆಗಿನ ಹಿಂಡಿ. ಅದೇ ಬೀಜದ ಎಣ್ಣೆ ಮರದೊಳಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ, ಬಿಸಿಗೆ ಕರಗುವುದಿಲ್ಲ, ನೀರಿಗೆ ಸುಲಭವಾಗಿ ಹೋಗುವುದಿಲ್ಲ. ಸೌಟು, ಮುದ್ದೆ ಕೋಲು, ಕಡಗೋಲಿಗೆ ಇದೇ ಉತ್ತಮ. ಗಾಣದಲ್ಲಿ ತೆಗೆದ, ತಿನ್ನಲು ಮಾರುವ ಎಣ್ಣೆಯೇ ಬೇಕು. ಹಾರ್ಡ್‌ವೇರ್ ಅಂಗಡಿಯ 'ಡಬಲ್ ಬಾಯಿಲ್ಡ್ ಲಿನ್‌ಸೀಡ್' ಬೇಡ. ಅದು ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಸೇರಿಸುವುದು ರೂಢಿ. 'ಟೀಕ್ ಆಯಿಲ್' ಎಂಬ ಡಬ್ಬಿಯೂ ಬೇಡ. ಅದು ತೇಗದಿಂದ ತೆಗೆದ ಎಣ್ಣೆಯಲ್ಲ, ಸಾಮಾನ್ಯವಾಗಿ ಎಣ್ಣೆ, ವಾರ್ನಿಶ್, ತಿನ್ನರ್‌ಗಳ ಬೆರಕೆ.

ಅಗಸೆ ಎಣ್ಣೆಯ ಬಗ್ಗೆ ಒಂದು ಎಚ್ಚರಿಕೆ, ದಯವಿಟ್ಟು ಮನೆಮಂದಿಗೆಲ್ಲ ಓದಿ ಹೇಳಿ. ಇದು ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಒಳಗಿನ ಬಿಸಿ ಹೊರಹೋಗದೆ, ಕಿಡಿಯೇ ಇಲ್ಲದೆ, ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಟ್ಟೆಯನ್ನು ನೀರಲ್ಲಿ ಮುಳುಗಿಸಿ, ಅಥವಾ ಬಾಲ್ಕನಿಯಲ್ಲಿ ಒಂದೇ ಪದರವಾಗಿ ಬಿಡಿಸಿ ಹಾಕಿ ಪೂರ್ತಿ ಗಟ್ಟಿಯಾದ ಮೇಲೆ ಎಸೆಯಿರಿ.

ಒಂದು ಶನಿವಾರದ ಕೆಲಸ

ಹೊಸ ಸೌಟು ಬಂದಾಗ ಮೊದಲು ಪರೀಕ್ಷೆ. ಬಿಸಿನೀರಲ್ಲಿ ಹತ್ತು ನಿಮಿಷ ಇಡಿ. ಮೈ ಬೆಳ್ಳಗಾದರೆ ಅರಗೋ ಲ್ಯಾಕರೋ ಇದೆ. ಉಗುರು ಬಣ್ಣ ತೆಗೆಯುವ ದ್ರಾವಣ ಅದ್ದಿದ ಹತ್ತಿಯನ್ನು ಹಿಡಿಯ ಮೇಲೆ ಉಜ್ಜಿ, ಅಂಟಾದರೆ ಪದರ ಇರುವುದು ಖಚಿತ. ಅಂಥದ್ದನ್ನು ಹಿಂದಿರುಗಿಸಿ. ಹಿಂದಿರುಗಿಸಲಾಗದಿದ್ದರೆ ಮೂಗು ಬಾಯಿಗೆ ಮಾಸ್ಕ್ ಹಾಕಿ, ಹೊರಗೆ ಕೂತು, ಮರ ಕಾಣುವ ತನಕ 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ.

ಮರ ಬರಿದಾದ ಮೇಲೆ ಒಮ್ಮೆ ನೀರಿನಲ್ಲಿ ಒದ್ದೆ ಮಾಡಿ ಒಣಗಿಸಿ. ಮೈಯೆಲ್ಲ ನವಿರು ಕೂದಲೆದ್ದಂತೆ ಒರಟಾಗುತ್ತದೆ. 220 ನಂಬರಿನ ಕಾಗದದಿಂದ ಎಳೆಯ ಗುಂಟ ಉಜ್ಜಿ. ಮತ್ತೆ ಒದ್ದೆ, ಮತ್ತೆ ಒಣ, ಈ ಸಲ 400ರಿಂದ. ಎರಡು ಮೂರು ಸುತ್ತಾದ ಮೇಲೆ ಒದ್ದೆಯಾದರೂ ಒರಟಾಗದು. ಈ ಹಂತ ಬಿಟ್ಟು ನೇರ ಎಣ್ಣೆ ಹಚ್ಚಿದವರ ಸೌಟು ಮೊದಲ ತೊಳೆತಕ್ಕೇ ಒರಟಾಗುತ್ತದೆ.

ಪೂರ್ತಿ ಒಣಗಲು ಎರಡು ದಿನ ಬಿಟ್ಟು ಎಣ್ಣೆ ಹಚ್ಚಿ. ತುದಿಗಳಿಗೆ ಹೆಚ್ಚು ಕೊಡಿ, ಅವು ಕುಡಿದಷ್ಟೂ ಕೊಡಿ. ಅರ್ಧ ಗಂಟೆ ಕಳೆದು, ಮೇಲೆ ಉಳಿದ ಎಣ್ಣೆಯನ್ನೆಲ್ಲ ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ದಪ್ಪಗೆ ಬಿಟ್ಟ ಅಗಸೆ ಎಣ್ಣೆ ಸುಕ್ಕುಗಟ್ಟಿ ಅಂಟಾಗಿ ಉಳಿಯುತ್ತದೆ. ಗಾಳಿ ಬೆಳಕು ಇರುವಲ್ಲಿ ವಾರ ಬಿಟ್ಟು ಎರಡನೆಯ ಕೋಟು, ಇನ್ನೊಂದು ವಾರಕ್ಕೆ ಮೂರನೆಯದು. ಕೊನೆಯ ಕೋಟಿನ ನಂತರ ಎರಡು ಮೂರು ವಾರ ತಾಳ್ಮೆ ಬೇಕು. ನಡುವೆ ಬಣ್ಣದಂಗಡಿಯ ವಾಸನೆ ಬರುತ್ತದೆ, ಹೋಗುತ್ತದೆ. ವಾಸನೆ ಹೋದ ಮೇಲೆ ಬಳಸಿ. ಮಳೆಗಾಲದಲ್ಲಿ ಈ ಕೆಲಸ ನಿಧಾನ. ಮುಂಬೈ, ಪುಣೆಯವರು ಮೇ ಮುಗಿಯುವುದರೊಳಗೆ, ಚೆನ್ನೈಯವರು ಅಕ್ಟೋಬರ್ ಮಳೆಗೆ ಮುಂಚೆ ಮುಗಿಸಿಕೊಳ್ಳಿ. ದೆಹಲಿಯವರು ಊರಿಂದ ಮಣೆ ತಂದ ವಾರವೇ ಲಿಕ್ವಿಡ್ ಪ್ಯಾರಾಫಿನ್‌ನಿಂದ ತುದಿಗಳಿಗೆ ಕುಡಿಸಿ, ಮೊದಲ ಕೆಲವು ತಿಂಗಳು ಕೂಲರ್, ಹೀಟರ್ ಎರಡರಿಂದಲೂ ದೂರ ಇಡಿ. ಹೊಸ ಹವೆಗೆ ಅದು ನಿಧಾನವಾಗಿ ಒಗ್ಗಲಿ.

ದಿನದ ರೂಢಿ

ಯಾವ ಲೇಪಕ್ಕಿಂತಲೂ ದೊಡ್ಡದು ತೊಳೆಯುವ ರೀತಿ. ಸಿಂಕಿನಲ್ಲಿ ನೆನೆಹಾಕಬೇಡಿ. ಡಿಶ್‌ವಾಶರಿನ ಬಿಸಿ ಮತ್ತು ಕ್ಷಾರ ಯಾವ ಎಣ್ಣೆಯನ್ನೂ ಉಳಿಸುವುದಿಲ್ಲ. ಮನೆಗೆಲಸದವರಿಗೂ ಇದನ್ನು ಒಮ್ಮೆ ತೋರಿಸಿಕೊಡಿ, ಹೇಳದೆ ಅವರ ಮೇಲೆ ರೇಗಿದರೆ ಏನು ಬಂತು? ಮಣೆಯ ಎರಡೂ ಮೈ ಒದ್ದೆ ಮಾಡಿ ತೊಳೆದು, ಒರೆಸಿ, ಅಂಚಿನ ಮೇಲೆ ನಿಲ್ಲಿಸಿ. ಒಂದೇ ಮೈ ತೊಳೆದು ಕವುಚಿ ಹಾಕಿದರೆ ಮಣೆ ಬಾಗುತ್ತದೆ. ಸೌಟುಗಳನ್ನು ಡಬ್ಬಿಯಲ್ಲಿ ನಿಲ್ಲಿಸುವ ಬದಲು ಕೊಕ್ಕೆಗೆ ತೂಗಿ ಹಾಕಿ.

'ಬಿಸಿಲಿಗೆ ಇಟ್ಟರೆ ಒಳ್ಳೆಯದು' ಎಂಬ ಊರಿನ ಮಾತು ಅರ್ಧ ಸರಿ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ, ಎಳೆ ಬಿಸಿಲು ಸೌಟಿಗೆ ಒಳ್ಳೆಯದೇ. ಆದರೆ ಅಗಲದ ಮಣೆಯನ್ನು ಮಧ್ಯಾಹ್ನದ ಬಿಸಿಲಿಗೆ ಅಂಗಾತ ಹಾಕಿದರೆ ಮೇಲ್ಮೈ ಬೇಗ ಕುಗ್ಗಿ ದೋಣಿಯಾಗುತ್ತದೆ. ಊರಿನ ಹಳೆಯ ಮನೆಯಲ್ಲಿ ಒಲೆಯ ಮೇಲೆ ಅಟ್ಟವಿತ್ತು. ಅಲ್ಲಿ ಮರದ ಸಾಮಾನು ಬೆಚ್ಚಗೆ, ನಿಧಾನವಾಗಿ, ಹೊಗೆಯಲ್ಲಿ ಒಣಗುತ್ತಿತ್ತು, ಹುಳುವೂ ಬರುತ್ತಿರಲಿಲ್ಲ. ಬೆಣ್ಣೆ, ತೆಂಗಿನ ಹಾಲಿನ ಜಿಡ್ಡು ದಿನವೂ ಅದಕ್ಕೆ ಸೇರುತ್ತಿತ್ತು. ಅಜ್ಜಿ ಬೇರೆ ಲೇಪ ಹಚ್ಚದಿದ್ದದ್ದು ಅದಕ್ಕೇ, ಆ ಅಡುಗೆಮನೆಯೇ ಲೇಪ ಹಚ್ಚುತ್ತಿತ್ತು. ಚಿಮಣಿ ಇರುವ ಫ್ಲಾಟಿನಲ್ಲಿ ಆ ಕೆಲಸ ನಮ್ಮ ಕೈಗೆ ಬಂದಿದೆ.

ಮರದ ಹಲಗೆ ಕೊಳಕು, ಪ್ಲಾಸ್ಟಿಕ್ ಶುದ್ಧ ಎಂಬ ಅಳುಕಿನಿಂದ ಊರಿನ ಮಣೆಯನ್ನು ಎಸೆದವರಿದ್ದಾರೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಮರದ ಮೇಲೆ ಬಿಟ್ಟ ಬ್ಯಾಕ್ಟೀರಿಯಾ ಒಳಗೆ ಹೀರಲ್ಪಟ್ಟು, ಬೆಳೆಯದೆ ಕ್ರಮೇಣ ಸಾಯುವುದು ಕಂಡಿತು. ಹೊಸ ಪ್ಲಾಸ್ಟಿಕ್ಕನ್ನು ತೊಳೆಯುವುದು ಸುಲಭ, ಆದರೆ ಚಾಕುವಿನ ಗೀರು ಬಿದ್ದ ಹಳೆಯ ಪ್ಲಾಸ್ಟಿಕ್ಕನ್ನು ಕೈಯಿಂದ ಶುದ್ಧ ಮಾಡುವುದು ಕಷ್ಟ ಎಂದೂ ತಿಳಿಯಿತು. ಹಸಿ ಮೀನು, ಮಾಂಸಕ್ಕೆ ಬೇರೆ ಹಲಗೆ ಇಡುವುದಂತೂ ಯಾವಾಗಲೂ ಸರಿ.

ಹಾಗಾದರೆ ಯಾವುದನ್ನು ಎಸೆಯಬೇಕು? ಉಗುರು ಚುಚ್ಚಿದರೆ ಒಳಗೆ ಹೋಗುವಷ್ಟು ಮೆತ್ತಗಾದದ್ದು, ಉಜ್ಜಿದರೂ ಕಪ್ಪು ಆಳಕ್ಕೆ ಇಳಿದದ್ದು, ತೊಳೆದು ಒಣಗಿಸಿದರೂ ಹಳಸಲು ವಾಸನೆ ಬಿಡದ್ದು. ಉಳಿದದ್ದೆಲ್ಲ ರಿಪೇರಿಯಾಗುವಂಥದ್ದೇ. ಮೇಲ್ಮೈಯ ಬೂಷ್ಟನ್ನು ಉಜ್ಜಿ ತೆಗೆದು ಒಣಗಿಸಿ ಎಣ್ಣೆ ಕುಡಿಸಬಹುದು. ಕಬ್ಬಿಣದ ಚಾಕು ಒದ್ದೆಯಾಗಿ ಬಿದ್ದಲ್ಲಿ ಮೂಡುವ ನೀಲಿಗಪ್ಪು ಕಲೆ ಬೂಷ್ಟಲ್ಲ, ಮರದ ಒಗರಿಗೂ ಕಬ್ಬಿಣಕ್ಕೂ ಆದ ಶಾಯಿ; ನಿಂಬೆರಸ ತಿಕ್ಕಿದರೆ ತಿಳಿಯಾಗುತ್ತದೆ. ತುದಿಯ ಸಣ್ಣ ಬಿರುಕು, ಮಣೆಯ ಅರ್ಧ ದಾಟದಿದ್ದರೆ, ಎಣ್ಣೆ ಕುಡಿದು ಹತೋಟಿಗೆ ಬರುವುದುಂಟು. ಬಿರುಕಿಗೆ ಅಂಟು, ಮರದ ಪುಡಿ ತುಂಬಿ ಮುಚ್ಚಬೇಡಿ. ಮಳೆಗಾಲಕ್ಕೆ ಮರ ಉಬ್ಬಿದಾಗ ಆ ಬೆಣೆಯೇ ಅದನ್ನು ಪೂರ್ತಿ ಸೀಳುತ್ತದೆ. ಬೇಸಿಗೆಯ ಬಿರುಕು ಮಳೆಗೆ ಮುಚ್ಚಿಕೊಳ್ಳಲಿ, ಅದಕ್ಕೆ ಜಾಗ ಬಿಡಿ.

ಮುಂದಿನ ಸಂಚಿಕೆಯಲ್ಲಿ ಕಬ್ಬಿಣದ ಕಾವಲಿಯ ಹದ. ಅಗಸೆ ಎಣ್ಣೆಯ ಬಾಟಲಿ ಉಳಿದಿದ್ದರೆ ಫ್ರಿಜ್‌ನಲ್ಲಿ ಇಟ್ಟುಕೊಂಡಿರಿ, ಅಲ್ಲಿಯೂ ಬೇಕಾಗುತ್ತದೆ.